ಹಂಡೆಯ ತಳ ಮತ್ತು ಕುದಿಯುವ ಗುಳ್ಳೆ



ಕೊನೆ ಕೊಯ್ಲಿನ ಕಾಲ ಹತ್ತಿರವಾದಂತೆ ಸಂಘದ ಕಚೇರಿಗೆ ಬರುವ ಸದಸ್ಯರು ಧಾರಣೆ, ಗೊಬ್ಬರ, ಕೊಳೆ ಔಷಧಿಗಳ ಮಾತಿನ ನಡುವೆ ಈಚೆಗೆ ಬೇರೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಹಳೆಯ ತಾಮ್ರದ ಹಂಡೆ ಸವೆದು ತೂತಾಗಿದೆ, ಅದರ ಬದಲಿಗೆ ಸ್ಟೀಲಿನ ಪಾತ್ರೆ ತರಬಹುದೇ ಎಂಬುದು ಕೆಲವರ ಪ್ರಶ್ನೆ. ಆಗಲೇ ತಂದವರದು ಮತ್ತೊಂದು ಬಗೆಯದು: "ಹೊಸ ಪಾತ್ರೆಯಲ್ಲಿ ಚೊಗರು ಇದ್ದಕ್ಕಿದ್ದಂತೆ ಎಗರುತ್ತದೆ, ಹಳೆಯ ಹಂಡೆಯಲ್ಲಿ ಹೀಗೆ ಆಗುತ್ತಿರಲಿಲ್ಲ, ಇದೇಕೆ?" ಕಳೆದ ಸುಗ್ಗಿಯಲ್ಲಿ ನಮ್ಮ ವ್ಯಾಪ್ತಿಯ ಒಂದು ಮನೆಯಲ್ಲಿ ಹೀಗೆ ಎಗರಿದ ಚೊಗರು ಒಲೆಯ ಮುಂದಿದ್ದ ಕೆಲಸದಾಕೆಯ ಮೊಣಕೈವರೆಗೆ ಸುಟ್ಟು, ಆಕೆ ಸುಗ್ಗಿಯ ಉಳಿದ ದಿನಗಳನ್ನೆಲ್ಲ ಮನೆಯಲ್ಲೇ ಕಳೆಯಬೇಕಾಯಿತು. ಆದುದರಿಂದ ಇದು ಬರಿಯ ಕುತೂಹಲದ ವಿಷಯವಲ್ಲವೆಂದು ಬಗೆದು, ದ್ರವವು ಕುದಿಯುವ ರೀತಿ, ಅದರಲ್ಲಿ ಪಾತ್ರೆಯ ತಳದ ನಯ-ಒರಟುಗಳ ಪಾತ್ರ, ಇವನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

ಗುಳ್ಳೆ ಹುಟ್ಟುವ ಕಷ್ಟ

ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಈ ಮಾತು ಸಮುದ್ರಮಟ್ಟಕ್ಕೆ ಸರಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಈ ಅಂಕಿಯೂ ಇಳಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇರಲಿ. ಈ ಅಂಕಿಯ ನಿಜವಾದ ಅರ್ಥವೇನೆಂದರೆ, ಆ ಉಷ್ಣತೆಯಲ್ಲಿ ನೀರಾವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುತ್ತದೆ, ಅಷ್ಟೆ. ಸಮನಾದ ಮಾತ್ರಕ್ಕೆ ಗುಳ್ಳೆ ಹುಟ್ಟಲೇಬೇಕೆಂದಿಲ್ಲ.

ಏಕೆಂದರೆ ನೀರಿನ ಮೇಲ್ಮೈ ಎಳೆದು ಕಟ್ಟಿದ ಚರ್ಮದಂತೆ ವರ್ತಿಸುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಗುಂಡಗೆ ನಿಲ್ಲುವುದು ಈ ಬಿಗಿತದಿಂದಲೇ. ನೀರಿನೊಳಗಿನ ಗುಳ್ಳೆಯನ್ನೂ ಈ ಚರ್ಮ ಸುತ್ತಲಿನಿಂದ ಅಮುಕುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಅಮುಕುವ ಬಲ ಹೆಚ್ಚು. ಅಡ್ಡಳತೆ ಅರ್ಧವಾದರೆ ಅಮುಕು ಇಮ್ಮಡಿಯಾಗುತ್ತದೆ. ಆವಿಯು ಗಾಳಿಯ ಒತ್ತಡವನ್ನೂ ಈ ಅಮುಕನ್ನೂ ಒಟ್ಟಿಗೆ ಗೆಲ್ಲಬೇಕಾದರೆ ನೀರು ತನ್ನ ಕುದಿಬಿಂದುವಿಗಿಂತ ಹೆಚ್ಚು ಬಿಸಿಯಾಗಿರಬೇಕು. ಎಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕಬಹುದು. ಸಾಧಾರಣ ತಲೆಕೂದಲಿನ ದಪ್ಪವಿರುವ, ಎಂದರೆ ಸುಮಾರು 70 ಮೈಕ್ರಾನ್ ಅಡ್ಡಳತೆಯ ಗುಳ್ಳೆಗೆ ಒಂದು ಡಿಗ್ರಿ ಹೆಚ್ಚಿದ್ದರೆ ಸಾಕು. (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದೊಂದು ಪಾಲು.) 10 ಮೈಕ್ರಾನಿನ ಗುಳ್ಳೆಗೆ ಸುಮಾರು 6 ಡಿಗ್ರಿ ಬೇಕು. 2 ಮೈಕ್ರಾನಿನದಾದರೆ 20 ಡಿಗ್ರಿಗೂ ಮೇಲೆ. ಇನ್ನು ಯಾವ ಆಸರೆಯೂ ಇಲ್ಲದೆ, ನೀರಿನ ನಡುವೆ ಕೆಲವೇ ಅಣುಗಳು ಸೇರಿ ಹೊಸದಾಗಿ ಗುಳ್ಳೆ ಕಟ್ಟಬೇಕೆಂದರೆ ನೀರು 250 ಡಿಗ್ರಿಯನ್ನೂ ದಾಟಬೇಕಾಗುತ್ತದೆ!

ಹಾಗಾದರೆ ನಮ್ಮ ಬಚ್ಚಲ ಹಂಡೆಯಲ್ಲಿ ನೀರು ಇಷ್ಟು ಸಲೀಸಾಗಿ ಕುದಿಯುವುದು ಹೇಗೆ? ಗುಳ್ಳೆಯು ಅಲ್ಲಿ ಹೊಸದಾಗಿ ಹುಟ್ಟುವುದಿಲ್ಲ ಎಂಬುದೇ ಉತ್ತರ. ಅದಕ್ಕೆ ಮೊದಲೇ ಸಿದ್ಧವಾದ ಗೂಡುಗಳು ಪಾತ್ರೆಯ ಗೋಡೆಯಲ್ಲಿರುತ್ತವೆ.

ಗೋಡೆಯ ಗೂಡುಗಳು

ಎಷ್ಟೇ ನಯವಾಗಿ ಕಂಡ ಲೋಹದ ಮೈಯೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉತ್ತ ಗದ್ದೆಯಂತಿರುತ್ತದೆ. ಗೀರು, ಬಿರುಕು, ಕುಳಿಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಪಾತ್ರೆಗೆ ನೀರು ಹುಯ್ದಾಗ ಅದು ಇಕ್ಕಟ್ಟಾದ ಕುಳಿಯ ತಳ ಮುಟ್ಟುವ ಮೊದಲೇ ಅದರ ಬಾಯಿಯನ್ನು ದಾಟಿ ಮುಂದೆ ಹರಿಯುತ್ತದೆ. ಕುಳಿಯೊಳಗೆ ಚೂರು ಗಾಳಿ ಸಿಕ್ಕಿಕೊಳ್ಳುತ್ತದೆ. ಕಿರುಬಾಯಿಯ ಸೀಸೆಯನ್ನು ಬೋರಲು ಹಾಕಿ ನೀರಿಗೆ ಅದ್ದಿದರೆ ಒಳಗಿನ ಗಾಳಿ ಹೊರಬರುವುದಿಲ್ಲವಷ್ಟೆ, ಹಾಗೆ. ತಳ ಕಾದಾಗ ಆವಿಯು ಈ ಗಾಳಿಯೊಂದಿಗೆ ಸೇರಿ ಕುಳಿಯಿಂದ ಹೊರಗೆ ಉಬ್ಬುತ್ತದೆ, ದೊಡ್ಡದಾಗುತ್ತದೆ, ಕಳಚಿಕೊಂಡು ಮೇಲೇಳುತ್ತದೆ. ಕಳಚುವಾಗ ಪೂರ್ತಿಯಾಗಿ ಹೋಗುವುದಿಲ್ಲ. ಒಂದಿಷ್ಟು ಆವಿ ಕುಳಿಯಲ್ಲೇ ಉಳಿಯುತ್ತದೆ. ಕಬ್ಬು ಕಡಿದ ಮೇಲೆ ಉಳಿದ ಕೂಳೆಯಿಂದ ಮತ್ತೆ ಚಿಗುರು ಒಡೆಯುವಂತೆ ಆ ಶೇಷದಿಂದಲೇ ಮುಂದಿನ ಗುಳ್ಳೆ ಬೆಳೆಯುತ್ತದೆ. ಕುದಿಯುವ ನೀರನ್ನು ಗಮನಿಸಿ ನೋಡಿದವರಿಗೆ ಒಂದೇ ಜಾಗದಿಂದ ಮುತ್ತಿನ ಸರದಂತೆ ಗುಳ್ಳೆಗಳು ಏಳುವುದು ಕಂಡಿರುತ್ತದೆ. ಆ ಜಾಗದಲ್ಲಿ ಇಂಥದೊಂದು ಗೂಡು ಇದೆಯೆಂದು ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೈಗೆ ಒರಟಾಗಿ ಸಿಕ್ಕುವುದೆಲ್ಲ ಗುಳ್ಳೆಗೆ ಅನುಕೂಲವೆಂದು ಭಾವಿಸಬಾರದು. ಕಂಚುಗಾರರು ಬಡಿದು ಮಾಡಿದ ತಾಮ್ರದ ಹಂಡೆಯಲ್ಲಿ ಸುತ್ತಿಗೆಯ ಗುರುತುಗಳು ಕಣ್ಣಿಗೇ ಕಾಣುತ್ತವೆ. ಆದರೆ ಅವು ಅಗಲವಾದ ತಗ್ಗುಗಳು. ನೀರು ಅವನ್ನು ಸುಲಭವಾಗಿ ತುಂಬಿಬಿಡುತ್ತದೆ, ಗಾಳಿ ನಿಲ್ಲುವುದಿಲ್ಲ. ತೀರ ಸಣ್ಣ ಕುಳಿಯಾದರೆ ಮೇಲೆ ಹೇಳಿದಂತೆ ಅದನ್ನು ಎಬ್ಬಿಸಲು ಬಹಳ ಶಾಖ ಬೇಕು. ಕೆಲಸಕ್ಕೆ ಬರುವುದು ಕೆಲವು ಮೈಕ್ರಾನಿನಿಂದ ಕೆಲವು ಹತ್ತು ಮೈಕ್ರಾನ್‌ವರೆಗಿನ ಇಕ್ಕಟ್ಟಾದ ಬಿರುಕುಗಳು. ಹಳೆಯ ಹಂಡೆಯ ಒಳಮೈಯಲ್ಲಿ ಇವನ್ನು ಉಂಟುಮಾಡಿದ್ದು ಬಡಿದ ಸುತ್ತಿಗೆಯಲ್ಲ. ವರ್ಷಾನುಗಟ್ಟಲೆ ತೆಂಗಿನ ನಾರು, ಬೂದಿ, ಮರಳು ಹಾಕಿ ತಿಕ್ಕಿದ ಕೈಗಳು. ಪಾಲಿಶ್ ಮಾಡಿದ ಹೊಸ ಸ್ಟೀಲಿನ ಪಾತ್ರೆಗೆ ಆ ಸಂಸ್ಕಾರ ಇನ್ನೂ ಆಗಿರುವುದಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ನಯವಾದ ಒಂದು ಸಣ್ಣ ಪಾತ್ರೆಯಲ್ಲಿ ತಣ್ಣೀರು ತುಂಬಿ, ಒಡೆದ ಹಂಚಿನ ಒಣಗಿದ ಚೂರೊಂದನ್ನು ಹಾಕಿ ಒಲೆಯ ಮೇಲಿಡಿ. ಕುದಿ ಬಂದಾಗ ಹೆಚ್ಚಿನ ಗುಳ್ಳೆಗಳು ಆ ಚೂರಿನಿಂದಲೇ ಏಳುತ್ತವೆ. ಹಂಚಿನ ಮೈತುಂಬ ಗಾಳಿ ಹಿಡಿದ ರಂಧ್ರಗಳಿವೆಯಲ್ಲ! ಬಳಿಕ ಅದನ್ನು ನೀರಿನಲ್ಲೇ ತಣಿಯಲು ಬಿಟ್ಟು ಮತ್ತೆ ಕಾಯಿಸಿದರೆ ಚೂರಿನ ಚುರುಕು ಕಡಮೆಯಾಗಿರುವುದು ಗೊತ್ತಾಗುತ್ತದೆ. ಮೊದಲ ಕುದಿಯಲ್ಲಿ ರಂಧ್ರದ ಗಾಳಿ ಹೊರಟುಹೋಗಿ ಆವಿ ಉಳಿದಿತ್ತು. ತಣಿದಾಗ ಆವಿ ನೀರಾಯಿತು, ಆ ಜಾಗಕ್ಕೆ ಹೊರಗಿನ ನೀರು ನುಗ್ಗಿ ಗೂಡು ಮುಚ್ಚಿಹೋಯಿತು. ಈ ಚಿಕ್ಕ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಚೊಗರಿನ ಮಾತಿಗೆ ಬಂದಾಗ ಇದರ ಅಗತ್ಯವಿದೆ.

(ಒಂದು ಮಾತು ಪ್ರಾಸಂಗಿಕವಾಗಿ: ನೀರು ಬೆಚ್ಚಗಾಗುತ್ತಿರುವಾಗಲೇ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಸಾಸಿವೆಯಂಥ ಗುಳ್ಳೆಗಳು ಆವಿಯವಲ್ಲ, ನೀರಿನಲ್ಲಿ ಕರಗಿದ್ದ ಗಾಳಿಯವು. ಆಮೇಲೆ ಕುದಿಯುವ ಮುನ್ನ ಪಾತ್ರೆ ಗುಂಯ್‌ಗುಡುವುದು ಮಾತ್ರ ಆವಿಯ ಗುಳ್ಳೆಗಳಿಂದ. ತಳದಲ್ಲಿ ಹುಟ್ಟಿ, ಮೇಲಿನ ತಂಪು ನೀರಿಗೆ ಸಿಕ್ಕಿ ಅವು ಒಡೆಯುವ ಸದ್ದು ಅದು.)

ಪ್ರಯೋಗ ಮಾಡಿದವರು

ಈ ವಿಷಯಕ್ಕೆ ಎರಡೂವರೆ ಶತಮಾನದ ಇತಿಹಾಸವಿದೆ. ಜಿನೀವಾದ ಡಿ ಲೂಕ್ ಎಂಬಾತ ನೀರಿನೊಳಗಿನ ಗಾಳಿಯನ್ನು ತೆಗೆಯುವುದಕ್ಕಾಗಿ ನೀರಿನ ಸೀಸೆಯೊಂದನ್ನು ನಾಲ್ಕು ವಾರ ಕಾಲ ಅಲುಗಿಸುತ್ತ ಕುಳಿತನಂತೆ! ನಿದ್ದೆ, ಅಗತ್ಯದ ಕೆಲಸಗಳ ಹೊರತು ಬೇರೆ ಬಿಡುವಿಲ್ಲ. ಹಾಗೆ ಗಾಳಿ ಕಳೆದ ನೀರು ಕುದಿಬಿಂದುವನ್ನು ಎಷ್ಟೋ ದಾಟಿದರೂ ಕುದಿಯದೆ, ಕೊನೆಗೆ ಒಮ್ಮೆಲೇ ಸಿಡಿಯಿತು. ತನ್ನ ಪ್ರಯೋಗಗಳನ್ನು ಆತ 1772ರಲ್ಲಿ ಪ್ರಕಟಿಸಿದ. ಫ್ರಾನ್ಸಿನ ಗೇ-ಲುಸಾಕ್ 1812ರಲ್ಲಿ ಇನ್ನೂ ಸರಳವಾಗಿ ತೋರಿಸಿದ: ಲೋಹದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಗಾಜಿನ ಪಾತ್ರೆಯಲ್ಲಿ 101.2 ಡಿಗ್ರಿಗೆ ಕುದಿಯಿತು. ಅದೇ ಗಾಜಿನ ಪಾತ್ರೆಗೆ ಗಾಜಿನ ಪುಡಿ ಹಾಕಿದಾಗ 100.3ಕ್ಕೆ ಇಳಿಯಿತು, ಕಬ್ಬಿಣದ ಅರದ ಪುಡಿ ಹಾಕಿದಾಗ ಸರಿಯಾಗಿ 100ಕ್ಕೆ ಬಂತು. ನೀರು ಅದೇ, ಬೆಂಕಿ ಅದೇ. ಬದಲಾದದ್ದು ನೀರು ಮುಟ್ಟುವ ಮೈ ಮಾತ್ರ.

ಇದರ ಕಾರಣ ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಯಾಕೋಬ್ ಮತ್ತು ಫ್ರಿಟ್ಸ್ 1931ರಲ್ಲಿ ಒರಟು ಮಾಡಿದ ತಳಗಳನ್ನು ಪರೀಕ್ಷಿಸಿದಾಗ ಮೊದಮೊದಲು ಶಾಖ ಚೆನ್ನಾಗಿ ದಾಟಿ, ಕುದಿಸುತ್ತ ಹೋದಂತೆ ಆ ಲಾಭ ಇಳಿದುಹೋಯಿತು. ಗೀರುಗಳಲ್ಲಿದ್ದ ಗಾಳಿ ಬಳಕೆಯಾಗುತ್ತ ಹೋದುದೇ ಇದಕ್ಕೆ ಕಾರಣ. ಅಮೆರಿಕದ ಕೋರ್ಟಿ ಮತ್ತು ಫೌಸ್ಟ್ 1955ರಲ್ಲಿ ಬೇರೆ ಬೇರೆ ನುಣುಪಿನ ತಾಮ್ರ ಹಾಗೂ ನಿಕ್ಕಲ್ ಮೈಗಳ ಮೇಲೆ ದ್ರವಗಳನ್ನು ಕುದಿಸಿ, ಮೈ ನುಣುಪಾದಷ್ಟೂ ಕುದಿಯಲು ಹೆಚ್ಚಿನ ಶಾಖ ಬೇಕಾಗುವುದನ್ನು ಅಳೆದರು. 1958ರಲ್ಲಿ ಬ್ಯಾಂಕಾಫ್ ಎಂಬವರು ಎಂಥ ಆಕಾರದ ಕುಳಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ ಎಂಬ ಲೆಕ್ಕ ಕೊಟ್ಟರು. 1960ರಲ್ಲಿ ಗ್ರಿಫಿತ್ ಮತ್ತು ವಾಲಿಸ್ ನುಣುಪಾದ ತಾಮ್ರದ ಮೇಲೆ ಸೂಜಿಮೊನೆಯಿಂದ ಚುಚ್ಚಿ ತಾವೇ ಗೂಡು ಮಾಡಿ, ಅಲ್ಲಿಂದಲೇ ಗುಳ್ಳೆ ಎಬ್ಬಿಸಿದರು.

ಬರಿನೀರಲ್ಲ, ಬೆರಕೆ

ಇಷ್ಟು ಹೊತ್ತು ಬರಿಯ ನೀರಿನ ಮಾತಾಯಿತು. ನಮ್ಮ ಒಲೆಯ ಮೇಲೆ ಇರುವುದು ಬೆರಕೆ. ಬೆರಕೆಯ ಕುದಿತ ಬರಿನೀರಿನ ಕುದಿತದಂತಲ್ಲ.

ಮೊದಲು ಎರಡು ದ್ರವಗಳು ಬೆರೆತ ಸಂದರ್ಭವನ್ನು ನೋಡೋಣ. ನೀರು ಮತ್ತು ಮದ್ಯಸಾರ ಒಳ್ಳೆಯ ಉದಾಹರಣೆ. ಶುದ್ಧ ಮದ್ಯಸಾರ 78 ಡಿಗ್ರಿಗೆ ಕುದಿಯುತ್ತದೆ. ಇವೆರಡರ ಬೆರಕೆಯಲ್ಲಿ ಗುಳ್ಳೆಯೊಂದು ಬೆಳೆಯತೊಡಗಿದಾಗ ಅದರೊಳಕ್ಕೆ ಹೆಚ್ಚಾಗಿ ನುಗ್ಗುವುದು ಮದ್ಯಸಾರ. ಆಗ ಗುಳ್ಳೆಯ ಸುತ್ತಲಿನ ತೆಳು ಪದರದಲ್ಲಿ ಮದ್ಯಸಾರ ಕಡಮೆಯಾಗಿ ನೀರಿನ ಪಾಲು ಹೆಚ್ಚುತ್ತದೆ. ಆ ಪದರದ ಕುದಿಬಿಂದು ಮೇಲೇರುತ್ತದೆ. ದೂರದಿಂದ ಹೊಸ ಮದ್ಯಸಾರ ಬಂದು ಸೇರುವವರೆಗೆ ಗುಳ್ಳೆ ಕಾಯಬೇಕು. ಸಂತೆಯ ದಿನ ಅಂಗಡಿಯ ಬಾಗಿಲ ಬಳಿಯ ಸರಕು ಮುಗಿದು, ಉಗ್ರಾಣದಿಂದ ತರುವವರೆಗೆ ವ್ಯಾಪಾರ ನಿಂತಂತೆ. ಹೀಗಾಗಿ ಬೆರಕೆಯಲ್ಲಿ ಗುಳ್ಳೆಗಳು ನಿಧಾನವಾಗಿ ಬೆಳೆಯುತ್ತವೆ, ಚಿಕ್ಕವಿರುವಾಗಲೇ ಕಳಚುತ್ತವೆ. ಎರಡು ದ್ರವಗಳನ್ನು ಬೇರೆ ಬೇರೆಯಾಗಿ ಕುದಿಸುವುದಕ್ಕಿಂತ ಬೆರಸಿ ಕುದಿಸುವಾಗ ತಳ ಹೆಚ್ಚು ಬಿಸಿಯಾಗಿರಬೇಕಾಗುತ್ತದೆ. ಹಾಲೆಂಡಿನ ವಾಗೆನಿಂಗನ್ ಕೃಷಿ ವಿದ್ಯಾಲಯದಲ್ಲಿ ವಾನ್ ವೈಕ್, ವಾನ್ ಸ್ಟ್ರಾಲನ್ ಮೊದಲಾದವರು 1956ರ ಸುಮಾರಿಗೆ ಇದರ ಮೇಲೆ ಬಹಳಷ್ಟು ಕೆಲಸ ಮಾಡಿದರು. ಕೃಷಿ ವಿದ್ಯಾಲಯದಲ್ಲಿ ಇಂಥ ಸಂಶೋಧನೆ ನಡೆದದ್ದು ನಮಗೆ ಸಂತೋಷದ ಸಂಗತಿ.

ಚೊಗರು (ಕೆಲವೆಡೆ ತೊಗರು ಎನ್ನುತ್ತಾರೆ) ಇದೇ ಸ್ಥಿತಿಯ ಕಟ್ಟಕಡೆಯ ತುದಿ. ಬೆರಕೆಯ ಒಂದು ಭಾಗವಾದ ನೀರು ಮಾತ್ರ ಆವಿಯಾಗುತ್ತದೆ. ಒಗರು, ಬಣ್ಣ, ಲೋಳೆಗಳು ಎಂದೂ ಆವಿಯಾಗುವುದಿಲ್ಲ. ಗೂಡಿನಿಂದ ಒಂದೊಂದು ಗುಳ್ಳೆ ಹೊರಟಾಗಲೂ ಅದರ ಬಾಯಲ್ಲಿ ಗಟ್ಟಿ ಅಂಶ ಸ್ವಲ್ಪ ಸ್ವಲ್ಪವೇ ಉಳಿಯುತ್ತದೆ. ದ್ರವ ತೆಳುವಾಗಿದ್ದರೆ ಅದು ಮತ್ತೆ ಕರಗಿ ತೊಳೆದುಹೋಗುತ್ತದೆ. ಗಟ್ಟಿಯಾದಂತೆ ಅಲ್ಲೇ ನಿಂತು ಗೂಡನ್ನು ಮೆತ್ತಿಬಿಡುತ್ತದೆ. ಕುದಿಬಿಂದುವೂ ಏರುತ್ತದೆ. ಬೆಲ್ಲದ ಆಲೆಮನೆಯಲ್ಲಿ ಇದು ಎದ್ದು ಕಾಣುತ್ತದೆ: ಅರ್ಧಕ್ಕರ್ಧ ಸಕ್ಕರೆಯಿರುವ ನೀರು 102 ಡಿಗ್ರಿಯ ಹತ್ತಿರ ಕುದಿದರೆ, ಅಚ್ಚಿಗೆ ಬರುವ ಪಾಕ 118 ಡಿಗ್ರಿಯ ಸುಮಾರಿಗೆ ಮುಟ್ಟಿರುತ್ತದೆ. ಕುದಿಯುವ ನೀರಿಗಿಂತ ಕುದಿಯುವ ಪಾಕದ ಸುಟ್ಟಗಾಯ ಕೆಟ್ಟದ್ದು ಎನ್ನುವುದು ಇದಕ್ಕೇ, ಮೇಲಾಗಿ ಅದು ಅಂಟಿಕೊಂಡು ಬಿಡುವುದಿಲ್ಲ. ಗಟ್ಟಿ ಚೊಗರೂ ಅಂಟುವ ಜಾತಿಯದೇ.

ನೊರೆಯದು ಬೇರೆ ಕಥೆ. ಹಾಲು ಉಕ್ಕುವಂತೆ ಇಲ್ಲಿಯೂ ದ್ರವದಲ್ಲಿರುವ ಕೆಲವು ಅಂಶಗಳು ಗುಳ್ಳೆಯ ಮೇಲೆ ಸಿಪ್ಪೆ ಕಟ್ಟಿ ಅದನ್ನು ಒಡೆಯಗೊಡುವುದಿಲ್ಲ. ನೊರೆ ಎದ್ದು ಬರುವುದು ಕಣ್ಣಿಗೆ ಕಾಣುತ್ತದೆ, ಸೌದೆ ಹಿಂದೆಳೆಯಲು ಸಮಯ ಸಿಗುತ್ತದೆ. ನಾವು ಅಂಜಬೇಕಾದದ್ದು ಕಾಣದೆ ಬರುವ ಎಗರಾಟಕ್ಕೆ.

ಎಗರುವುದು ಏಕೆ

ಹಸಿ ಅಡಿಕೆ ಬೇಯುತ್ತಿರುವಾಗ ಹಂಡೆ ಎಗರುವುದು ಅಪರೂಪ. ಸುಲಿದ ಬೇಳೆಗಳು ತಳದಲ್ಲಿ ಹೊರಳುತ್ತಿರುತ್ತವೆ, ಅವುಗಳ ಸಿಪ್ಪೆಯ ಚೂರು, ನಾರು, ಬಿರುಕುಗಳಲ್ಲಿ ಗಾಳಿ ಯಥೇಚ್ಛವಾಗಿ ಇರುತ್ತದೆ. ಗುಳ್ಳೆಗಳಿಗೆ ಗೂಡಿನ ಬರವಿಲ್ಲ. ಅಪಾಯವಿರುವುದು ಮೂರು-ನಾಲ್ಕು ಒಬ್ಬೆ ಬೇಯಿಸಿ ಸೋಸಿ ತೆಗೆದ ಚೊಗರನ್ನು ಪ್ರತ್ಯೇಕವಾಗಿ ಕಾಯಿಸಿ ಗಟ್ಟಿ ಮಾಡುವಾಗ. ಅದರಲ್ಲಿಯೂ ನಿನ್ನೆ ಕುದಿಸಿ ರಾತ್ರಿ ಹಾಗೆಯೇ ಬಿಟ್ಟ ಚೊಗರಿಗೆ ಬೆಳಗ್ಗೆ ಬೆಂಕಿ ಹಾಕುವಾಗ.

ಹಂಚಿನ ಚೂರನ್ನು ನೆನೆದುಕೊಳ್ಳಿ. ನಿನ್ನೆಯ ಕುದಿತದಲ್ಲಿ ದ್ರವದ ಗಾಳಿಯೂ ತಳದ ಗೂಡುಗಳ ಗಾಳಿಯೂ ಹೊರಟುಹೋಗಿದೆ. ರಾತ್ರಿ ತಣಿದಾಗ ಗೂಡಿನ ಆವಿ ನೀರಾಗಿ ಚೊಗರು ಒಳನುಗ್ಗಿದೆ. ಪಾತ್ರೆ ಹೊಸದು, ನಯವಾದದ್ದು. ಮೊದಲೇ ಗೂಡುಗಳು ಕಡಮೆ. ಸೋಸಿದ್ದರಿಂದ ಬೇಳೆಯ ಚೂರುಗಳೂ ಇಲ್ಲ. ಜೊತೆಗೆ ರಾತ್ರಿಯೆಲ್ಲ ಗಷ್ಟು ಇಳಿದು ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಅದರಡಿಯ ದ್ರವ ಮೇಲಿನದರೊಂದಿಗೆ ಬೆರೆಯದೆ ನಿಂತಲ್ಲೇ ಕಾಯುತ್ತದೆ. ಮೇಲಿನಿಂದ ನೋಡಿದವರಿಗೆ ಇನ್ನೂ ಕುದಿ ಬಂದಿಲ್ಲವೆಂದು ಕಾಣುತ್ತದೆ. ಇನ್ನೆರಡು ಕೊಳ್ಳಿ ಮುಂದೆ ತಳ್ಳುತ್ತಾರೆ. ತಳದ ಪದರ ಕುದಿಬಿಂದುವನ್ನು ದಾಟಿ ಐದು ಡಿಗ್ರಿ, ಆರು ಡಿಗ್ರಿ ಮೇಲೇರಿರುತ್ತದೆ. ಆ ಹೊತ್ತಿಗೆ ಯಾರೋ ಸೌಟು ಅದ್ದುತ್ತಾರೆ, ಇಲ್ಲವೆ ಒಂದು ಬುಟ್ಟಿ ಅಡಿಕೆ ಸುರಿಯುತ್ತಾರೆ. ಗೂಡಿಗಾಗಿ ಕಾದಿದ್ದ ಶಾಖಕ್ಕೆ ಒಮ್ಮೆಲೇ ಸಾವಿರ ಗೂಡುಗಳು ಸಿಕ್ಕಿದಂತಾಯಿತು!

ಆಗ ಏನಾಗುವುದೆಂಬುದನ್ನು ಅಂಕಿಗಳಲ್ಲಿ ನೋಡೋಣ. ಒಂದು ಲೀಟರ್ ನೀರು 5 ಡಿಗ್ರಿ ಹೆಚ್ಚು ಕಾದಿದ್ದರೆ ಅದರಲ್ಲಿರುವ ಹೆಚ್ಚುವರಿ ಶಾಖ 5 ಕಿಲೊಕ್ಯಾಲೊರಿ. ಒಂದು ಕಿಲೋ ನೀರನ್ನು ಆವಿ ಮಾಡಲು 540 ಕಿಲೊಕ್ಯಾಲೊರಿ ಬೇಕು. ಹಾಗಾಗಿ ಆವಿಯಾಗುವುದು ಸುಮಾರು 9 ಗ್ರಾಂ, ಎರಡು ಟೀ ಚಮಚದಷ್ಟು ನೀರು ಮಾತ್ರ. ಇಷ್ಟೇ ತಾನೇ ಎನ್ನಬೇಡಿ. ನೀರು ಆವಿಯಾದಾಗ 1,600 ಪಟ್ಟಿಗೂ ಮೇಲೆ ಹಿಗ್ಗುವುದರಿಂದ ಆ ಎರಡು ಚಮಚ 15 ಲೀಟರ್ ಆವಿಯಾಗುತ್ತದೆ. ದೊಡ್ಡ ಪಾತ್ರೆಯ ತಳದ ಹತ್ತು ಲೀಟರ್ ಮಾತ್ರ ಹೀಗೆ ಕಾದಿದ್ದರೂ 150 ಲೀಟರ್ ಆವಿ ಕ್ಷಣಮಾತ್ರದಲ್ಲಿ ಅಡಿಯಿಂದ ಏಳಬೇಕು. ಅದು ತನ್ನ ಮೇಲಿರುವ ಚೊಗರನ್ನು ಎತ್ತಿ ಎಸೆಯದೆ ಇನ್ನೇನು ಮಾಡೀತು?

ಇದರ ಸಣ್ಣ ರೂಪ ಕಾಫಿ ಬೆಳೆಗಾರರ ಅಡಿಗೆಮನೆಯಲ್ಲಿ ದಿನವೂ ಇದೆ. ಕುದಿಯುವ ನೀರಿಗೆ ಕಾಫಿಪುಡಿ ಹಾಕಿದೊಡನೆ ನೀರು ಭುಸ್ಸೆಂದು ಮೇಲೇಳುತ್ತದೆ. ಪುಡಿಯ ಒಂದೊಂದು ಕಣವೂ ಗಾಳಿ ಹಿಡಿದ ಗೂಡುಗಳ ಗೊಂಚಲು. ಈಗ ಹಲವು ಮನೆಗಳಲ್ಲಿರುವ ಮೈಕ್ರೋವೇವ್ ಒಲೆಯಲ್ಲಿ ನಯವಾದ ಲೋಟದ ನೀರನ್ನು ಬಹಳ ಹೊತ್ತು ಕಾಯಿಸಿದಾಗ ಅದು ಕುದಿಯದೆಯೇ ಕುದಿಬಿಂದುವನ್ನು ದಾಟಿರುವುದುಂಟು. ಹೊರತೆಗೆದು ಸಕ್ಕರೆ ಹಾಕಿದರೆ ಮುಖಕ್ಕೆ ಸಿಡಿಯುತ್ತದೆ. ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

ಮಾಡಬೇಕಾದದ್ದು

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು ಕುದಿಸುವ ಬುರುಡೆಗೆ ಒಡೆದ ಪಿಂಗಾಣಿಯ ಚೂರು ಹಾಕಿದ್ದನ್ನು ಮರೆತಿರಲಾರರು. ಕೆಲವು ಪ್ರಯೋಗಾಲಯಗಳಲ್ಲಿ ಮರದ ಕಡ್ಡಿ ನಿಲ್ಲಿಸುವುದೂ ಉಂಟು. ಅದೇ ಉಪಾಯ ನಮಗೂ ಸಾಕು, ಸಾಮಗ್ರಿಯೂ ತೋಟದಲ್ಲೇ ಇದೆ. ಚೆನ್ನಾಗಿ ಒಣಗಿದ ಅಡಿಕೆ ದಬ್ಬೆಯ ಎರಡು-ಮೂರು ತುಂಡುಗಳನ್ನು ತಳ ಮುಟ್ಟುವಂತೆ ಚೊಗರಿನ ಪಾತ್ರೆಯಲ್ಲಿ ಓರೆಯಾಗಿ ನಿಲ್ಲಿಸಿ. ದಬ್ಬೆಯ ಕಡಿದ ತುದಿಯಲ್ಲಿ ನಾರುಗಳ ನಡುವೆ ಗಾಳಿ ತುಂಬಿರುತ್ತದೆ. ಆದರೆ ಬೆಂಕಿ ಹಾಕುವ ಮೊದಲು, ಚೊಗರು ತಣ್ಣಗಿರುವಾಗಲೇ ಇಡಬೇಕು. ಕಾದು ಸುಮ್ಮನೆ ನಿಂತಿರುವ ಚೊಗರಿಗೆ ಆಮೇಲೆ ನೆನಪಾಗಿ ದಬ್ಬೆ ಅದ್ದುವುದೆಂದರೆ ನಾವೇ ಎಗರಿಸಿದಂತೆ. ನಿನ್ನೆಯ ನೆನೆದ ದಬ್ಬೆ ಇಂದು ಕೆಲಸಕ್ಕೆ ಬಾರದು. ಅದನ್ನು ಒಣಗಿಸಿ ಒಲೆಗೆ ಹಾಕಿ, ಪ್ರತಿದಿನವೂ ಹೊಸದನ್ನು ಬಳಸಿ.

ರಾತ್ರಿ ಬಿಟ್ಟ ಚೊಗರಿಗೆ ಬೆಂಕಿ ಹಾಕುವ ಮುನ್ನ ತಳದ ಗಷ್ಟು ಏಳುವಂತೆ ಉದ್ದ ಹಿಡಿಯ ಸೌಟಿನಿಂದ ಕಲಕಬೇಕು, ಬೆಚ್ಚಗಾಗುವವರೆಗೂ ಬಿಟ್ಟು ಬಿಟ್ಟು ಕಲಕುತ್ತಿರಬೇಕು. ಮೊದಲು ಸಣ್ಣ ಉರಿ, ಗುಳ್ಳೆ ಎದ್ದ ಮೇಲೆ ದೊಡ್ಡ ಉರಿ. ಪಾತ್ರೆಯ ಮೂರನೆಯ ಒಂದು ಭಾಗವಾದರೂ ಖಾಲಿಯಿರಲಿ. ಬಹಳ ಹೊತ್ತು ಉರಿ ಹಾಕಿದರೂ ಸದ್ದಿಲ್ಲದೆ ನಿಂತ ಪಾತ್ರೆಯನ್ನು ಕಂಡರೆ ಹತ್ತಿರ ಹೋಗಬೇಡಿ, ಏನನ್ನೂ ಅದ್ದಬೇಡಿ. ಕೊಳ್ಳಿಗಳನ್ನು ಹಿಂದೆಳೆದು ತಣಿಯಲು ಬಿಡಿ. ಒಲೆಯ ಮುಂದೆ ನಿಲ್ಲುವವರು ಹೆಚ್ಚಾಗಿ ಕೆಲಸದವರು ಅಥವಾ ಮನೆಯ ಹೆಂಗಸರು. ಈ ಮಾತುಗಳನ್ನು ಅವರಿಗೆ ಹೇಳದೆ ಯಜಮಾನರು ಮಾತ್ರ ಓದಿಕೊಂಡರೆ ಪ್ರಯೋಜನವಿಲ್ಲ. ಒಂದು ವೇಳೆ ಮೈಮೇಲೆ ಸಿಡಿದರೆ, ಕೂಡಲೇ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಬಳೆ-ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಕೂಡದು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳದೆ ಆಸ್ಪತ್ರೆಗೆ ಕರೆದೊಯ್ಯುವುದು.

ಇನ್ನು ತಾಮ್ರವೋ ಸ್ಟೀಲೋ ಎಂಬ ಪ್ರಶ್ನೆ. ಒಳಮೈಗೆ ವಿಶೇಷ ಒರಟು ಕೊಟ್ಟ ಪಾತ್ರೆಯಲ್ಲಿ ಸೌದೆ ಅರ್ಧ ಉಳಿಯುತ್ತದೆಂದು ಹೇಳಿಕೊಂಡು ಬರುವವರನ್ನು ನಂಬಬೇಡಿರೆಂದು ಸದಸ್ಯರಿಗೆ ನಮ್ಮ ಸಲಹೆ. ಸೌದೆಯ ಉರಿ 700-800 ಡಿಗ್ರಿಯಷ್ಟಿರುತ್ತದೆ, ನೀರು 100. ನಡುವಿನ ಈ 600-700 ಡಿಗ್ರಿಯ ಇಳಿತದಲ್ಲಿ ಬಹುಪಾಲು ನಡೆದುಹೋಗುವುದು ಉರಿಯಿಂದ ಪಾತ್ರೆಯ ಹೊರಮೈಗೆ ಶಾಖ ದಾಟುವಾಗ. ಲೋಹದ ದಪ್ಪವನ್ನು ದಾಟಲು ತಾಮ್ರದಲ್ಲಿ ಒಂದು ಡಿಗ್ರಿಯೂ ಬೇಡ, ಸ್ಟೀಲಿನಲ್ಲಿ ಎರಡು-ಮೂರು ಡಿಗ್ರಿ. ಒಳಮೈಯಿಂದ ದ್ರವಕ್ಕೆ ಐದು-ಹತ್ತು ಡಿಗ್ರಿ. ಈ ಐದು-ಹತ್ತರಲ್ಲಿ ಎಷ್ಟು ಉಳಿಸಿದರೂ ಸೌದೆಯ ರಾಶಿಯಲ್ಲಿ ಕಾಣಿಸದು. ಸೌದೆ ಉಳಿಸಬೇಕೆನ್ನುವವರು ಒಲೆಯ ಬಾಯಿ, ಹೊಗೆಗೊಳವಿ, ಉರಿ ಹಂಡೆಯನ್ನು ಸುತ್ತಿ ಹೋಗುವ ದಾರಿ, ಇವುಗಳ ಕಡೆ ಗಮನ ಕೊಡಲಿ.

ಆದರೆ ತಾಮ್ರಕ್ಕೆ ಒಂದು ಗುಣ ನಿಜವಾಗಿಯೂ ಇದೆ. ಅದು ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಒಯ್ಯುವುದರಿಂದ ಉರಿ ಒಂದು ಕಡೆ ತಾಗಿದರೂ ತಳಕ್ಕೆಲ್ಲ ಹರಡುತ್ತದೆ. ಸ್ಟೀಲಿನಲ್ಲಿ ಕೊಳ್ಳಿಯ ನೇರ ಮೇಲಿನ ಜಾಗ ಮಾತ್ರ ಕಾದು ಅಲ್ಲಿ ಚೊಗರು ಸೀಯುತ್ತದೆ. ಆದುದರಿಂದ ಸ್ಟೀಲು ಕೊಳ್ಳುವವರು ದಪ್ಪ ತಳದ್ದನ್ನೇ ಆರಿಸಿ, ಉರಿಯನ್ನು ಹರಡಿ ಹಾಕುವುದು ಲೇಸು. ಹೊಸ ಪಾತ್ರೆಯ ಕನ್ನಡಿಯಂಥ ಹೊಳಪನ್ನು ಕಾಪಾಡಿಕೊಳ್ಳುವ ಆಸೆ ಬೇಡ. ಒಳತಳವನ್ನು ನಯವಾದ ಮರಳು ಮತ್ತು ತೆಂಗಿನ ನಾರು ಹಾಕಿ ಎಲ್ಲ ದಿಕ್ಕಿನಲ್ಲೂ ಚೆನ್ನಾಗಿ ತಿಕ್ಕಿ ಬಳಕೆಗೆ ತನ್ನಿ.

ಒರಟು ಒಳ್ಳೆಯದೆಂದು ಕೇಳಿ ಹಂಡೆಗೆ ಹಿಡಿದ ಚೊಗರಿನ ಕರಕನ್ನು ಹಾಗೆಯೇ ಬಿಡುವವರೂ ಇದ್ದಾರು. ಅದು ತಪ್ಪು. ಲೋಹದ ಗೀರು ಬೇರೆ, ಲೋಹದ ಮೇಲೆ ಕಟ್ಟಿದ ಹಕ್ಕಳೆ ಬೇರೆ. ಹಕ್ಕಳೆ ಶಾಖವನ್ನು ಬಹಳ ಕಡಮೆ ಒಯ್ಯುತ್ತದೆ. ಒಂದೇ ಮಿಲಿಮೀಟರ್ ದಪ್ಪವಿದ್ದರೂ ಜೋರು ಉರಿಯಲ್ಲಿ ಅದರ ಅಡಿಯ ಲೋಹ ಹತ್ತಾರು ಡಿಗ್ರಿ ಹೆಚ್ಚು ಕಾಯಬೇಕಾಗುತ್ತದೆ. ಹಕ್ಕಳೆ ಸೀದು ಕಪ್ಪು ಚೂರುಗಳಾಗಿ ಕಳಚಿ ಚೊಗರಿಗೆ ಬೆರೆತರೆ ಅಡಿಕೆಗೆ ಬರಬೇಕಾದ ಕೆಂಪು ಹೊಳಪು ಮಂಕಾಗುತ್ತದೆ. ಒಮ್ಮೆ ಬಿರಿದ ಹಕ್ಕಳೆಯ ಸಂದಿನಲ್ಲಿ ಚೊಗರು ಇಳಿದು, ಕಾದ ಲೋಹಕ್ಕೆ ತಾಗಿ ಸಿಡಿಯುವುದೂ ಉಂಟು. ಪ್ರತಿ ಬಾರಿ ಚೊಗರು ತೆಗೆದೊಡನೆ, ಹಂಡೆ ಇನ್ನೂ ಬೆಚ್ಚಗಿರುವಾಗಲೇ ನೀರು ಹುಯ್ದು ನೆನೆಯಲು ಬಿಟ್ಟರೆ ಬೆಳಗ್ಗೆ ಮರದ ಸಟ್ಟುಗದಿಂದ ಸುಲಭವಾಗಿ ಬರುತ್ತದೆ. ಬಾವಿಯ ಗಡಸು ನೀರಿನಿಂದ ಕಟ್ಟಿದ ಬಿಳಿಯ ಸುಣ್ಣದ ಪೊರೆಗೆ ಹುಣಸೆಹುಳಿ ಅಥವಾ ವಾಟೆಹುಳಿಯ ನೀರನ್ನು ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿಟ್ಟು, ತಣಿದ ಮೇಲೆ ನಾರಿನಿಂದ ತಿಕ್ಕಿ ಎರಡು ಸಲ ತೊಳೆದು ತೆಗೆಯಬಹುದು.